ಕಾಟಮ್ಮನ ಚಿಪ್ಪಿನ ಇದ್ದಿಲು

ಕಾಟಮ್ಮನಿಗೆ ಕೊಬ್ಬರಿಯ ಮೇಲೆ ಆಸೆಯಿಲ್ಲ, ಚಿಪ್ಪಿನ ಮೇಲೆ ಪ್ರಾಣ. ಜವನಗೊಂಡನಹಳ್ಳಿಯ ಸುತ್ತಿನ ತೋಟದ ಮನೆಗಳಲ್ಲಿ ಅಟ್ಟಕ್ಕೆ ಹಾಕಿದ ಕಾಯಿ ಹತ್ತು ಹನ್ನೊಂದು ತಿಂಗಳು ಒಣಗಿ ಒಳಗೆ ಗುಡುಗುಡು ಅನ್ನತೊಡಗಿದಾಗ ಹೆಂಗಸರು ಗುಂಪು ಕೂತು ಉಂಡೆ ಕೊಬ್ಬರಿ ಬಿಡಿಸುತ್ತಾರೆ. ಕೊಬ್ಬರಿ ಒಂದು ಲಾರಿ ಹತ್ತುತ್ತದೆ, ಸಿಪ್ಪೆ ಇನ್ನೊಂದು ಲಾರಿ ಹತ್ತುತ್ತದೆ. ಉಳಿದ ಚಿಪ್ಪಿನ ರಾಶಿಯ ಪಕ್ಕದಲ್ಲಿ ಕಾಟಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ನಿಂತಿರುತ್ತಾಳೆ. ಎಳನೀರಿನ ಬುರುಡೆ ಯಾರಾದರೂ ನಡುವೆ ತೂರಿಸಿದರೆ ಮುಗಿಯಿತು, ಅದನ್ನು ಅವರ ಅಂಗಳಕ್ಕೇ ವಾಪಸು ಎಸೆಯುತ್ತಾಳೆ. ಐವತ್ತೆಂಟು ವರ್ಷದ ಹೆಂಗಸು, ಎಸೆತದಲ್ಲಿ ಗುರಿ ಮಾತ್ರ ಇಪ್ಪತ್ತರದ್ದು.

ಅವಳ ಕೆಲಸ ಚಿಪ್ಪನ್ನು ಇದ್ದಿಲು ಮಾಡುವುದು. ಊರಾಚೆ ಬೇವಿನ ಮರದ ಬಳಿ ನಾಲ್ಕು ಹಳೆಯ ಎಣ್ಣೆ ಡ್ರಮ್ಮುಗಳಿವೆ. ತಳಕ್ಕೆ ಬೆಂಕಿ ಹಾಕಿ ಚಿಪ್ಪು ತುಂಬಿದರೆ ಮೊದಲು ಬಿಳಿ ಹೊಗೆ ಬರುತ್ತದೆ. ಹೊಗೆ ನೀಲಿಗೆ ತಿರುಗಿದ ಕೂಡಲೇ ಮುಚ್ಚಳ ಹಾಕಿ ಸುತ್ತ ಹಸಿಮಣ್ಣು ಮೆತ್ತಬೇಕು. ಬೇಗ ಮುಚ್ಚಿದರೆ ಹಸಿ ಉಳಿಯುತ್ತದೆ, ತಡವಾದರೆ ಬೂದಿಯಾಗುತ್ತದೆ. ಆ ನಡುವಿನ ಹೊತ್ತನ್ನು ಅವಳು ಮೂವತ್ತು ವರ್ಷದಿಂದ ಮೂಗಿನಲ್ಲೇ ಹಿಡಿಯುತ್ತ ಬಂದಿದ್ದಾಳೆ. ಗಂಡ ದುರುಗಣ್ಣನಿಗೆ ಕುರಿ ನಲವತ್ತು, ಮಾತು ನಾಲ್ಕು. ಇಬ್ಬರು ಹೆಣ್ಣುಮಕ್ಕಳು ಮದುವೆಯಾಗಿ ಹೊಸದುರ್ಗದ ಕಡೆ ಸುಖವಾಗಿದ್ದಾರೆ. ಹಾಗಾಗಿ ಕಾಟಮ್ಮ ಗದರುವುದಕ್ಕೆ ಮನೆಯಲ್ಲಿ ಯಾರೂ ಇಲ್ಲ. ಇದ್ದದ್ದರಲ್ಲಿ ಚಿಪ್ಪನ್ನೇ ಗದರುತ್ತಾಳೆ.

ಶಾಲಿನಿ ಬಂದದ್ದು ಎರಡು ವರ್ಷದ ಹಿಂದೆ, ಒಂದು ಮಧ್ಯಾಹ್ನ. ಹೊಳಲ್ಕೆರೆ ತಾಲ್ಲೂಕು ಬಿ.ದುರ್ಗದ ರೈತರ ಮನೆಯ ಹುಡುಗಿ, ಚಿತ್ರದುರ್ಗದ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರದ ಸಂಶೋಧನೆ ಮಾಡುತ್ತಿದ್ದವಳು. ಬೆಂಗಳೂರಿನ ಯಾವುದೋ ಯಂತ್ರಕ್ಕೆ ತನ್ನ ಪ್ರಯೋಗದ ಕಪ್ಪು ಪುಡಿ ತೋರಿಸಿಕೊಂಡು ವಾಪಸು ಬರುವಾಗ ಬಸ್ಸಿನ ಕಿಟಕಿಯಿಂದ ಹೊಗೆ ಕಂಡು, ಕಂಡಕ್ಟರನ ಕೈಕಾಲು ಹಿಡಿದು ಇಳಿದುಬಿಟ್ಟಿದ್ದಳು. ಹೆಗಲಿಗೆ ಚೀಲ, ಕೈಯಲ್ಲಿ ಪುಸ್ತಕ. ಹೊಗೆಯ ಮೇಲೆ ಕೇಸು ಹಾಕಲು ಬಂದ ಸರ್ಕಾರದವಳೇ ಇರಬೇಕೆಂದು ಕಾಟಮ್ಮ ಡ್ರಮ್ಮಿನ ಮುಂದೆ ಅಡ್ಡ ನಿಂತಳು. ತನಗೆ ಬೇಕಾದ್ದು ಒಂದು ಮೂಟೆ ಇದ್ದಿಲು, ಅದೂ ಬ್ಯಾಟರಿ ಮಾಡುವುದಕ್ಕೆ ಎಂದು ಹುಡುಗಿ ಹೇಳಿದಾಗ ನಂಬಿಕೆ ಬರಲಿಲ್ಲ. ಆದರೂ ಬಿಸಿಲಲ್ಲಿ ನಡೆದು ಕೆಂಪಾಗಿದ್ದ ಮುಖ ನೋಡಿ ಮಜ್ಜಿಗೆ ಕೊಟ್ಟಳು. ಮಜ್ಜಿಗೆಯಾದ ಮೇಲೆ ರೊಟ್ಟಿ, ರೊಟ್ಟಿಯಾದ ಮೇಲೆ ನಿನ್ನ ಅವ್ವನ ಹೆಸರೇನು ಎಂಬ ಪ್ರಶ್ನೆ. ಸಂಜೆಯ ಬಸ್ಸು ಹತ್ತುವ ಹೊತ್ತಿಗೆ ಶಾಲಿನಿ ಅವಳನ್ನು ದೊಡ್ಡಮ್ಮ ಎನ್ನುತ್ತಿದ್ದಳು.

ಬ್ಯಾಟರಿಯ ವಿಷಯವನ್ನು ಶಾಲಿನಿ ಆ ದಿನವೇ ಬಿಡಿಸಿ ಹೇಳಿದ್ದಳು. ಬ್ಯಾಟರಿಯೊಳಗೆ ಒಂದು ತಗಡು ಇರುತ್ತದೆ, ಅದಕ್ಕೆ ಇದ್ದಿಲ ಪುಡಿಯನ್ನು ಬಳಿಯುತ್ತಾರೆ. ಚಾರ್ಜ್ ಮಾಡಿದಾಗ ಸೋಡಿಯಂ ಎಂಬುದರ ಕಣ್ಣಿಗೆ ಕಾಣದ ಕಣಗಳು ಬಂದು ಇದ್ದಿಲಿನ ಸಂದುಗೊಂದಿನಲ್ಲಿ ಕೂರುತ್ತವೆ, ದೀಪ ಹಚ್ಚಿದಾಗ ಎದ್ದು ಹೋಗುತ್ತವೆ. ಬರೀ ಇದ್ದಿಲಿನಲ್ಲಿ ಹಿಡಿಸುವುದು ಕಡಿಮೆ. ತವರ ಎಂಬ ಲೋಹದ ಪುಡಿ ಹೆಚ್ಚು ಹಿಡಿಯುತ್ತದೆ, ಆದರೆ ಹಿಡಿದಂತೆಲ್ಲ ಉಬ್ಬಿ ಬಿರಿದು ಹಾಳಾಗುತ್ತದೆ. ಅದಕ್ಕೇ ತವರವನ್ನು ಇದ್ದಿಲಿನ ಮಡಿಲಿಗೆ ಹಾಕಿ, ಉಬ್ಬಿದರೂ ಬಿರಿಯದ ಹಾಗೆ ಎರಡನ್ನೂ ಬೆಸೆಯಬೇಕು. ಅದೇ ಅವಳ ಸಂಶೋಧನೆ.

ಕಾಟಮ್ಮ ಕಣ್ಣು ಮಿಟುಕಿಸಿದಳು. ಮೂಲೆಯಲ್ಲಿ ಕಂಬಳಿ ಮಡಿಸುತ್ತಿದ್ದ ದುರುಗಣ್ಣ ಆ ದಿನದ ನಾಲ್ಕು ಮಾತನ್ನೂ ಒಟ್ಟಿಗೆ ಖರ್ಚು ಮಾಡಿದ:

"ಅಂದ್ರೆ ಕುರಿ ರೊಪ್ಪ ಇದ್ದಂಗೆ. ಸಂಜೆ ಒಳಕ್ಕೆ, ಬೆಳಿಗ್ಗೆ ಹೊರಕ್ಕೆ. ಕುರಿ ನೂಕಾಡಿದ್ರೂ ಗೋಡೆ ಬೀಳಬಾರ್ದು."

ಇದನ್ನು ಇಷ್ಟು ಚೆನ್ನಾಗಿ ಹೇಳಲು ತನಗೆ ಎರಡು ವರ್ಷ ಹಿಡಿಯಿತು ಎಂದು ಶಾಲಿನಿ ನಕ್ಕಳು. ಹೊರಡುವಾಗ ಮಾತ್ರ ನಗು ನಿಲ್ಲಿಸಿ ಒಂದು ಮಾತನ್ನು ಎರಡು ಸಲ ಹೇಳಿದಳು. ಕೊಬ್ಬರಿ ಚಿಪ್ಪು ಬಿಟ್ಟು ಬೇರೇನೂ ಹಾಕಬಾರದು. ಸೌದೆ ಬೇಡ, ಎಳನೀರಿನ ಬುರುಡೆ ಬೇಡ, ಏನೂ ಬೇಡ. ಕಾಟಮ್ಮನಿಗೆ ಸ್ವಲ್ಪ ಅವಮಾನವೇ ಆಯಿತು. ಆದರೂ ಆಗಲಿ ಎಂದಳು.

ಆ ಮೊದಲ ಮೂಟೆಯನ್ನು ಅವಳು ಎಲ್ಲರಿಗೂ ಮಾಡಿದ ಹಾಗೆ ಮಾಡಲಿಲ್ಲ. ಚಿಪ್ಪಿನ ಇದ್ದಿಲಿಗೆ ಒಂದು ಕೆಟ್ಟ ಬುದ್ಧಿಯಿದೆ. ಊದಿದರೆ ಚಟಚಟ ಸಿಡಿಯುತ್ತದೆ. ಇಸ್ತ್ರಿಯವರಿಗೆ ಅದರಿಂದ ತೊಂದರೆಯಿಲ್ಲ, ಅವರ ಪೆಟ್ಟಿಗೆಗೆ ಮುಚ್ಚಳವಿದೆ. ಆದರೆ ಹಿರಿಯೂರಿನ ಅಕ್ಕಸಾಲಿಗರು ಊದುಗೊಳವೆ ಹಿಡಿದು, ಬೆಂಕಿಯ ಮೇಲೆ ಮುಖವಿಟ್ಟು ಕೂರುವವರು. ಅವರಿಗೆಂದು ಅವಳ ಅತ್ತೆಯ ಕಾಲದಿಂದಲೂ ಬೇರೆ ಪದ್ಧತಿ: ಚಿಪ್ಪನ್ನು ಕಲ್ಲುಪ್ಪು ಕರಗಿಸಿದ ನೀರಿನಲ್ಲಿ ಒಂದು ದಿನ ನೆನೆಹಾಕಿ, ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ, ಆಮೇಲೆ ಸುಡುವುದು. ಅಂಥ ಇದ್ದಿಲು ಸಿಡಿಯುವುದು ಕಡಿಮೆ. ಈ ಹುಡುಗಿ ಬ್ಯಾಟರಿ ಮಾಡುತ್ತಾಳೆಂದರೆ ಒಲೆಯ ಮುಂದೆ ಕೂತು ಊದದೆ ಇರುತ್ತಾಳೆಯೇ? ಓದುವ ಮಗು, ಕಿಡಿ ಹಾರಿ ಕಣ್ಣಿಗೆ ಬಿದ್ದರೆ ಗತಿಯೇನು? ಕಾಟಮ್ಮ ಬಕೆಟ್ಟಿಗೆ ಮೂರು ಹಿಡಿ ಉಪ್ಪು ಹಾಕಿ ಚಿಪ್ಪು ನೆನೆಸಿದಳು.

ಕೊಟ್ಟ ಮಾತಿಗೆ ತಪ್ಪಿದೆ ಎಂದು ಅವಳಿಗೆ ಅನ್ನಿಸಲೇ ಇಲ್ಲ. ಅದಕ್ಕೆ ಅವಳನ್ನು ದೂರಿ ಫಲವಿಲ್ಲ. ಸಾರಿಗೆ ಏನೇನು ಹಾಕಿದೆ ಎಂದು ನಮ್ಮ ಯಾವ ತಾಯಿಯನ್ನಾದರೂ ಕೇಳಿ ನೋಡಿ. ಬೇಳೆ, ಹುಣಿಸೆ, ಖಾರದಪುಡಿ ಎಂದು ಬೆರಳು ಮಡಿಚುತ್ತಾಳೆ. ಉಪ್ಪಿಗೆಂದು ಯಾರೂ ಬೆರಳು ಮಡಿಚುವುದಿಲ್ಲ.

ಮೂಟೆ ಹೋಗಿ ಹತ್ತು ತಿಂಗಳಿಗೆ ಶಾಲಿನಿ ಪೇಡದ ಡಬ್ಬಿ ಹಿಡಿದುಕೊಂಡು ಓಡಿ ಬಂದಳು. ಆ ಇದ್ದಿಲು ತವರವನ್ನು ಹಿಡಿದುಕೊಂಡ ರೀತಿಗೆ ಅವಳ ಗುರುಗಳಾದ ನಿರಂಜನ್ ಮೇಷ್ಟ್ರೇ ಕುರ್ಚಿ ಬಿಟ್ಟು ಎದ್ದಿದ್ದರಂತೆ. ಐನೂರು ಸಲ ಚಾರ್ಜ್ ಮಾಡಿ ಬಿಟ್ಟರೂ ಜಗ್ಗಲಿಲ್ಲವಂತೆ. ಅದರ ಮೇಲೆ ಬರೆದ ಲೇಖನವನ್ನು ಹೊರದೇಶದ ಪತ್ರಿಕೆಯೊಂದು ಅಚ್ಚು ಹಾಕುತ್ತದಂತೆ. ಕಾಟಮ್ಮನಿಗೆ ಲೇಖನದ ಗೊಡವೆ ತಿಳಿಯಲಿಲ್ಲ. ಹುಡುಗಿ ಕುಣಿದದ್ದು ತಿಳಿಯಿತು, ಅಷ್ಟು ಸಾಕಿತ್ತು.

ಆ ವಾರ ಶಾಲಿನಿ ಅವಳನ್ನು ಚಿತ್ರದುರ್ಗಕ್ಕೆ ಕರೆದೊಯ್ದು ಪ್ರಯೋಗಶಾಲೆ ತೋರಿಸಿದಳು. ಒಂದು ಗಾಜಿನ ಬಾಟಲಿಯ ಮೇಲೆ "ಕಾಟಮ್ಮ" ಎಂದೇ ಚೀಟಿ ಅಂಟಿಸಿತ್ತು. ಕಾಟಮ್ಮ ಅದನ್ನು ನೋಡಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಆದರೆ ಅವಳ ಕಣ್ಣು ನಿಂತದ್ದು ಇನ್ನೊಂದು ಕಡೆ. ಅಲ್ಲಿ ಒಲೆಯೇ ಇರಲಿಲ್ಲ. ಗೋಡೆಯ ಪಕ್ಕ ಕರೆಂಟಿನ ಒಂದು ಕುಲುಮೆ, ಅದಕ್ಕೆ ಗಟ್ಟಿ ಬಾಗಿಲು. ಅದರ ಹತ್ತಿರ ಹೋಗುವವರ ಕಣ್ಣಿಗೆ ದಪ್ಪ ಕನ್ನಡಕ. ಊದುವವರೂ ಇಲ್ಲ, ಕಿಡಿಯೂ ಇಲ್ಲ. ಕಾಟಮ್ಮನಿಗೆ ಎದೆ ಹಗುರವಾಯಿತು. ಮುಂದಿನ ಮೂಟೆಗೆ ಉಪ್ಪಿನ ಕೆಲಸ ತಪ್ಪಿತು ಎಂದುಕೊಂಡಳು. ಮಗುವಿಗೆ ಇನ್ನು ನೆನೆಹಾಕದ ಚಿಪ್ಪೇ ಸಾಕು.

ಅಲ್ಲಿಂದ ಎಲ್ಲ ಕೆಟ್ಟಿತು.

ಎರಡನೆಯ ಮೂಟೆಯ ಇದ್ದಿಲು ಮೊದಲಿನದರ ಅರ್ಧ ದೂರವೂ ಓಡಲಿಲ್ಲ. ಮೂರನೆಯದೂ ಹಾಗೇ. ತವರ ಉಬ್ಬಿ ಬಿರಿಯಿತು, ತಗಡಿಗೆ ಬಳಿದದ್ದು ಪೊರೆ ಪೊರೆಯಾಗಿ ಎದ್ದಿತು. ಶಾಲಿನಿ ಪುಡಿಯನ್ನು ಇನ್ನೂ ಸಣ್ಣಗೆ ಅರೆದಳು, ಕುಲುಮೆಯ ಕಾವು ಏರಿಸಿದಳು, ಇಳಿಸಿದಳು, ತವರ ಬದಲಿಸಿದಳು. ಎಂಟು ತಿಂಗಳು ಕಳೆಯಿತು. ಮೊದಲ ಮೂಟೆಯಲ್ಲಿ ಚಿಟಿಕೆಯೂ ಉಳಿದಿರಲಿಲ್ಲ. ಅಷ್ಟರಲ್ಲಿ ಲೇಖನ ಓದಿದ ಬೇರೆ ಊರಿನವರೊಬ್ಬರು, ತಾವು ಅದೇ ಕ್ರಮದಲ್ಲಿ ಮಾಡಿದರೂ ಆ ಅಂಕಿ ಬರುತ್ತಿಲ್ಲವೆಂದು ಪತ್ರ ಬರೆದರು. ನಿರಂಜನ್ ಮೇಷ್ಟ್ರು ಒಳ್ಳೆಯವರು, ಗದರಿದವರಲ್ಲ. ಬಾಗಿಲು ಮುಂದೆ ಮಾಡಿಕೊಂಡು, ಮೊದಲ ಸಲ ಅಂಕಿ ಬರೆಯುವಾಗ ಏನಾದರೂ ಹೆಚ್ಚುಕಮ್ಮಿ ಆಗಿತ್ತೇ ಎಂದು ಮೆತ್ತಗೆ ಕೇಳಿದರು. ಇನ್ನು ಎರಡು ತಿಂಗಳಲ್ಲಿ ಕಾರಣ ಸಿಗದಿದ್ದರೆ ಲೇಖನವನ್ನು ಹಿಂದಕ್ಕೆ ಪಡೆಯಬೇಕಾಗುತ್ತದೆ ಎಂದೂ ಹೇಳಿದರು. ಹಾಗೆ ಹಿಂದಕ್ಕೆ ಪಡೆದವರಿಗೆ ಸುಳ್ಳು ಬರೆದವರೆಂಬ ಹೆಸರು ಬರುತ್ತದೆ. ಅದು ಬಂದರೆ ಹೋಗುವುದಲ್ಲ.

ಇದನ್ನೆಲ್ಲ ಶಾಲಿನಿ ಕಾಟಮ್ಮನ ಜಗಲಿಯ ಮೇಲೆ ಕೂತು, ಅಳದೆ, ಒಂದೊಂದಾಗಿ ಹೇಳಿದಳು. ಮೈ ಇಳಿದುಹೋಗಿತ್ತು. ಕೊನೆಗೆ ಕೇಳಿದಳು:

"ದೊಡ್ಡಮ್ಮ, ಮೊದಲ್ನೇ ಮೂಟೆಗೆ ಬೇರೆ ಏನಾದ್ರೂ ಹಾಕಿದ್ಯಾ? ನೆನಪು ಮಾಡ್ಕಂಡು ಹೇಳು."

"ಇಲ್ಲ ಕಣವ್ವ. ಚಿಪ್ಪು ಬಿಟ್ರೆ ಏನೂ ಇಲ್ಲ."

ಇನ್ನೊಂದು ಸಲ ಕೇಳಿದಳು. ಕಾಟಮ್ಮ ಇನ್ನೊಂದು ಸಲ ಇಲ್ಲವೆಂದಳು. ನಂಬಿಯೇ ಹೇಳಿದಳು. ಹುಡುಗಿ ಹೋದ ಮೇಲೆ ದೇವರ ಗೂಡಿನ ಮುಂದೆ ನಿಂತು, ಇದರಲ್ಲಿ ನನ್ನ ಮಗುವಿನ ತಪ್ಪೇನೂ ಇಲ್ಲ ಎಂದು ದೇವರಿಗೂ ತಿಳಿಸಿದಳು.

ನಾಲ್ಕು ದಿನದ ಮೇಲೆ ಅಕ್ಕಸಾಲಿಗರು ಒಂದು ಮೂಟೆ ಬೇಕೆಂದು ಹೇಳಿಕಳಿಸಿದರು. ಕಾಟಮ್ಮ ಬಕೆಟ್ಟಿಗೆ ನೀರು ಹೊಯ್ದು ಉಪ್ಪಿನ ಡಬ್ಬಿಗೆ ಕೈ ಹಾಕಿದಳು. ಮೊದಲ ಹಿಡಿ ನೀರಿಗೆ ಬಿತ್ತು. ಎರಡನೆಯ ಹಿಡಿ ಕೈಯಲ್ಲೇ ಉಳಿಯಿತು. ಅವಳು ಅಲ್ಲೇ, ಚಿಪ್ಪಿನ ರಾಶಿಯ ಮೇಲೆ ಕುಕ್ಕರಿಸಿಬಿಟ್ಟಳು. ಮೊದಲ ಮೂಟೆಗೆ ಹಾಕಿದ್ದೆ. ಆಮೇಲೆ ಹಾಕಲಿಲ್ಲ. ಎರಡು ಸಲ ಕೇಳಿದಳು, ಎರಡು ಸಲವೂ ಇಲ್ಲ ಎಂದೆ.

ಹೇಳಿಬಿಟ್ಟರೆ ಮುಗಿಯಿತಲ್ಲ ಎಂದು ದೂರ ಕೂತ ನಮಗೆ ಅನ್ನಿಸುತ್ತದೆ. ಕಾಟಮ್ಮನಿಗೆ ಅನ್ನ ಸೇರಲಿಲ್ಲ. ಏನೂ ಹಾಕಬೇಡ ಎಂದು ಎರಡು ಸಲ ಹೇಳಿದ ಹುಡುಗಿಯ ಎಂಟು ತಿಂಗಳನ್ನು ತಾನು ಮಣ್ಣುಪಾಲು ಮಾಡಿದ್ದಳು. ಉಪ್ಪು ಬೆರೆತದ್ದೆಂದು ತಿಳಿದರೆ ಮೊದಲಿನ ಅಂಕಿಯನ್ನೂ ಸುಳ್ಳೆಂದು ಒಗೆಯುತ್ತಾರೋ ಏನೋ. ಹುಡುಗಿ ಇನ್ನು ಈ ಕಡೆ ಮುಖ ಹಾಕುತ್ತಾಳೆಯೇ? ದೊಡ್ಡಮ್ಮ ಎನ್ನುತ್ತಾಳೆಯೇ? ಹೇಳದೆ ಇದ್ದರೆ ದೊಡ್ಡಮ್ಮ ಎನ್ನುತ್ತಲೇ ಇರುತ್ತಾಳೆ, ಆದರೆ ತಲೆ ತಗ್ಗಿಸಿಕೊಂಡು ಬದುಕುತ್ತಾಳೆ. ಮೂರು ದಿನ ಕಾಟಮ್ಮ ಚಿಪ್ಪನ್ನೂ ಗದರಲಿಲ್ಲ. ಮೂರನೆಯ ದಿನ ಗಂಡನಿಗೆ ಹೇಳಿಕೊಂಡಳು.

"ಹೇಳ್ದೆ ಇದ್ರೆ ನಿಂಗೆ ನಿದ್ದೆ ಬತ್ತೈತಾ?" ಎಂದ ದುರುಗಣ್ಣ. ಬೆಳಿಗ್ಗೆ ಕುರಿಯನ್ನು ಹೊತ್ತಿಗೆ ಮೊದಲೇ ಬಿಟ್ಟು, ಹೆದ್ದಾರಿಯವರೆಗೂ ಅವಳ ಜೊತೆಗೆ ನಡೆದು ಬಸ್ಸು ಹತ್ತಿಸಿದ.

ಚಿತ್ರದುರ್ಗದಲ್ಲಿ ಇಳಿದು, ಆಟೋದವನಿಗೆ ಕಾಲೇಜಿನ ಹೆಸರು ಹೇಳಿ, ಮಹಡಿ ಹತ್ತುವಷ್ಟರಲ್ಲಿ ಅವಳು ಹೇಳಬೇಕಾದ್ದನ್ನು ಇಪ್ಪತ್ತು ಥರ ಜೋಡಿಸಿಕೊಂಡಿದ್ದಳು. ಒಳಗೆ ಶಾಲಿನಿಯ ಜೊತೆಗೆ ನಿರಂಜನ್ ಮೇಷ್ಟ್ರೂ ಇದ್ದರು. ಕುಂತ್ಕಳ್ರಿ ಅಮ್ಮ ಎಂದು ಅವರು ಕುರ್ಚಿ ಎಳೆದರು. ಕಾಟಮ್ಮ ಕೂರಲಿಲ್ಲ. ಜೋಡಿಸಿದ್ದೆಲ್ಲ ಮರೆತುಹೋಯಿತು.

"ಮೊದಲ್ನೇ ಮೂಟೆ ಚಿಪ್ಪನ್ನ ಉಪ್ಪುನೀರಲ್ಲಿ ನೆನೆಹಾಕಿದ್ದೆ. ಆಮ್ಯಾಲಿನವಕ್ಕೆ ಹಾಕ್ಲಿಲ್ಲ. ನೀನು ಕೇಳ್ದಾಗ ಇಲ್ಲ ಅಂದೆ. ಉಪ್ಪು ನನ್ನ ನೆನಪಿಗೇ ಬರ್ಲಿಲ್ಲ ಕಣವ್ವ."

ಶಾಲಿನಿ ಕೈಯಲ್ಲಿದ್ದ ಬಾಟಲಿಯನ್ನು ಮೇಜಿನ ಮೇಲಿಟ್ಟಳು. ಬೈದಿದ್ದರೆ ಚೆನ್ನಾಗಿತ್ತು.

"ನಾನು ಎರಡು ಸಲ ಕೇಳಿದ್ದೆ. ನೀವು ಎರಡು ಸಲವೂ ಇಲ್ಲ ಅಂದ್ರಿ," ಎಂದಳು. ಆ 'ನೀವು' ಕಾಟಮ್ಮನ ಎದೆಗೆ ಕಲ್ಲಿನಂತೆ ಬಡಿಯಿತು. ಹುಡುಗಿ ಮುಖ ತಿರುಗಿಸಿಕೊಂಡು ಹೊರಗೆ ಹೋದಳು.

ಮೇಷ್ಟ್ರು ಮಾತ್ರ ಕುರ್ಚಿಯ ತುದಿಗೆ ಬಂದಿದ್ದರು. ಎಷ್ಟು ಉಪ್ಪು, ಎಷ್ಟು ನೀರು, ಎಷ್ಟು ಹೊತ್ತು ಎಂದು ಒಂದರ ಮೇಲೊಂದು ಕೇಳಿದರು. ಮೂರು ಹಿಡಿ ಎಂದಳು. ಉಪ್ಪು ತರಿಸಿ ಅವಳ ಹಿಡಿಯನ್ನು ತಕ್ಕಡಿಯಲ್ಲಿ ತೂಗಿದರು. ಮೂರು ಸಲಕ್ಕೆ ಮೂರು ತೂಕ ಬಂತು. ಕಾಟಮ್ಮನಿಗೆ ನಾಚಿಕೆಯಾಯಿತು. ಇರಲಿ ಎಂದು ಅವರು ಮೂರನ್ನೂ ಬರೆದುಕೊಂಡರು. ಕುಲುಮೆಯ ಕಾವಿಗೆ ಈ ಉಪ್ಪು ಕರಗಿ ಇದ್ದಿಲಿನಲ್ಲಿ ಸಣ್ಣ ಸಂದುಗಳನ್ನು ಮಾಡಿರಬಹುದು, ಆಮೇಲೆ ತೊಳೆದಾಗ ಉಪ್ಪು ಹೋಗಿ ಸಂದು ಉಳಿದಿರಬಹುದು, ತವರಕ್ಕೆ ಉಬ್ಬಲು ಜಾಗ ಸಿಕ್ಕಿದ್ದು ಅಲ್ಲೇ ಇರಬಹುದು ಎಂದರು. ಆದರೆ ಮತ್ತೆ ಮಾಡಿ ನೋಡುವ ತನಕ ಯಾವುದನ್ನೂ ನಂಬುವಂತಿಲ್ಲ ಎಂದೂ ಸೇರಿಸಿದರು. ಕಾಟಮ್ಮನ ಕಣ್ಣು ಬಾಗಿಲ ಮೇಲೇ ಇತ್ತು. ಶಾಲಿನಿ ಬರಲಿಲ್ಲ. ಬಸ್ ಸ್ಟ್ಯಾಂಡಿಗೆ ಕಾಟಮ್ಮ ಒಬ್ಬಳೇ ಹೋದಳು.

ಮರುವಾರ ಎರಡು ಡ್ರಮ್ಮು ಸುಡಬೇಕಾಯಿತು, ಒಂದು ಉಪ್ಪಿನದು, ಒಂದು ಬರಿಯ ಚಿಪ್ಪಿನದು. ಅದಕ್ಕೂ ಶಾಲಿನಿ ಬರಲಿಲ್ಲ. ಪ್ರಯೋಗಶಾಲೆಯ ನೌಕರ ಪ್ರದೀಪ್ ತಕ್ಕಡಿಯನ್ನು ಹೊತ್ತುಕೊಂಡು ಬಂದು ಎಲ್ಲವನ್ನೂ ತೂಗಿ, ಮೂಟೆಗೆ ಮೊಹರು ಹಾಕಿ ಒಯ್ದ. ಶಾಲಿನಿ ಹೇಗಿದ್ದಾಳೆ ಎಂದು ಕಾಟಮ್ಮ ಕೇಳಿದ್ದಕ್ಕೆ ಕೆಲಸ ಜಾಸ್ತಿ ಐತೆ ಎಂದಷ್ಟೇ ಹೇಳಿದ. ಅದಾದ ಮೇಲೆ ಒಂದು ತಿಂಗಳು ಫೋನೂ ಇಲ್ಲ, ಸುದ್ದಿಯೂ ಇಲ್ಲ. ತಾನಾಗಿ ಫೋನು ಮಾಡಲು ಕಾಟಮ್ಮನಿಗೆ ಮುಖವಿರಲಿಲ್ಲ. ಬಸ್ಸು ನಿಂತ ಸದ್ದಾದರೆ ಮಾತ್ರ ಮಣ್ಣು ಕಲಸುತ್ತಿದ್ದ ಕೈ ನಿಲ್ಲುತ್ತಿತ್ತು.

ಶಾಲಿನಿ ಬಂದದ್ದು ಒಂದು ಬುಧವಾರ ಬೆಳಿಗ್ಗೆ. ಈ ಸಲ ಓಡಿ ಬರಲಿಲ್ಲ, ಪೇಡವೂ ಇರಲಿಲ್ಲ. ನಿಧಾನವಾಗಿ ನಡೆದು ಬಂದು, ಬೋರಲು ಹಾಕಿದ್ದ ಬುಟ್ಟಿಯ ಮೇಲೆ ಕೂತಳು. ಉಪ್ಪಿನ ಡ್ರಮ್ಮಿನದ್ದು ಮೊದಲಿನ ಹಾಗೇ ಹಿಡಿಯಿತು, ಬರಿಯ ಚಿಪ್ಪಿನದ್ದು ಹಿಡಿಯಲಿಲ್ಲ ಎಂದಳು. ಅಂಕಿ ಸುಳ್ಳಲ್ಲ, ಕ್ರಮ ಬರೆದದ್ದರಲ್ಲಿ ಒಂದು ಸಾಲು ಬಿಟ್ಟುಹೋಗಿತ್ತು ಎಂದು ಮೇಷ್ಟ್ರು ಪತ್ರಿಕೆಯವರಿಗೆ ತಿದ್ದುಪಡಿ ಕಳಿಸಲಿದ್ದಾರೆ. ಕಾಟಮ್ಮ ಇಷ್ಟನ್ನೂ ಕೇಳಿ ತಲೆಯಾಡಿಸಿದಳು. ಅವಳಿಗೆ ಬೇಕಾದ ಸುದ್ದಿ ಅದರಲ್ಲಿ ಇನ್ನೂ ಬಂದಿರಲಿಲ್ಲ.

"ನನ್ ಮ್ಯಾಲೆ ಸಿಟ್ಟು ಹೋತಾ?" ಎಂದು ಕೊನೆಗೆ ತಾನೇ ಕೇಳಿದಳು.

"ಸಿಟ್ಟು ಬಂದಿತ್ತು. ತುಂಬಾ ಬಂದಿತ್ತು," ಎಂದಳು ಶಾಲಿನಿ. "ಆಮೇಲೆ ಕೂತು ಯೋಚ್ನೆ ಮಾಡ್ದೆ. ಬೇರೆ ಏನಾದ್ರೂ ಹಾಕಿದ್ಯಾ ಅಂತ ಕೇಳ್ದೆನೇ ಹೊರ್ತು, ಹೆಂಗೆ ಮಾಡ್ತೀಯ ಅಂತ ಎರಡು ವರ್ಷದಾಗೆ ಒಂದ್ ದಿನನೂ ಕೇಳ್ಲಿಲ್ಲ ದೊಡ್ಡಮ್ಮ. ಈಗ ಹೇಳು. ಮೊದ್ಲಿಂದ ಹೇಳು."

ಚೀಲದಿಂದ ಪುಸ್ತಕ ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಕಾಟಮ್ಮನಿಗೆ ಎಲ್ಲಿಂದ ಶುರು ಮಾಡುವುದೆಂದು ತಿಳಿಯಲಿಲ್ಲ. ಅವಳು ಹೇಳಿದ್ದನ್ನು ಬರೆದುಕೊಂಡವರು ಇದುವರೆಗೆ ರೇಷನ್ ಕಾರ್ಡಿನವರೊಬ್ಬರೇ. ಚಿಪ್ಪನ್ನು ಆರಿಸುವುದರಿಂದ ಹಿಡಿದು ಹೊಗೆಯ ಬಣ್ಣದವರೆಗೆ ಮೆಲ್ಲಗೆ ಹೇಳುತ್ತ ಹೋದಳು. ಶಾಲಿನಿ ಒಂದನ್ನೂ ಬಿಡದೆ ಬರೆದಳು. ಉಪ್ಪಿನ ಹತ್ತಿರ ಬಂದಾಗ ನಿಲ್ಲಿಸಿದಳು. ತಿದ್ದುಪಡಿಯಲ್ಲಿ ಉಪ್ಪು ಹಾಕಿದ್ದು ಯಾಕೆಂದು ಒಂದು ಸಾಲು ಬೇಕು, ಸಂದು ತೆರೆಯುವುದಕ್ಕೆ ಎಂದು ಬರೆಯಲು ಮೇಷ್ಟ್ರು ಹೇಳಿದ್ದಾರೆ, ಆದರೆ ಅದು ನಮಗೆ ಆಮೇಲೆ ತಿಳಿದದ್ದು ಎಂದಳು.

"ಅವತ್ತು ನೀನು ಯಾಕೆ ಹಾಕ್ದೆ?"

"ಅದನ್ನೆಲ್ಲ ಬರೀಬ್ಯಾಡ ಬಿಡು. ಓದ್ದೋರು ನಗ್ತಾರೆ."

"ಹೇಳು ದೊಡ್ಡಮ್ಮ."

ಕಾಟಮ್ಮ ಕೈಯ ಮಣ್ಣನ್ನು ಸೆರಗಿಗೆ ಒರೆಸಿಕೊಂಡಳು.

"ನೀನು ಒಲೆ ಮುಂದೆ ಕುಂತ್ಕಂಡು ಊದ್ತೀಯ ಅನ್ಕಂಡಿದ್ದೆ. ಚಿಪ್ಪಿನ ಇದ್ಲು ಸಿಡೀತೈತೆ. ಉಪ್ಪು ಹಾಕಿದ್ರೆ ಸಿಡಿಯಲ್ಲ. ನಿನ್ ಕಣ್ಣಿಗೆ ಕಿಡಿ ಬೀಳಬಾರ್ದು ಅಂತ ಹಾಕ್ದೆ."

ಅಲ್ಲಿಯವರೆಗೆ ಇಂಗ್ಲಿಷಿನಲ್ಲಿ ಬರೆಯುತ್ತಿದ್ದ ಶಾಲಿನಿ, ಆ ಸಾಲನ್ನು ಕಾಟಮ್ಮ ಹೇಳಿದ ಹಾಗೆಯೇ ಕನ್ನಡದಲ್ಲಿ ಬರೆದುಕೊಂಡಳು. ಬರೆದು ಮುಗಿದ ಮೇಲೂ ತಲೆ ಎತ್ತಲಿಲ್ಲ. ಕಾಟಮ್ಮ ಹತ್ತಿರ ಸರಿದು ಕೂತು, ಏನೂ ಕೇಳದೆ ಅವಳ ಬೆನ್ನ ಮೇಲೆ ಕೈಯಿಟ್ಟಳು.